ಹಿಂಬದಿಯ ಕೊನೆಯ ಹಾಡು

ದೆವ್ವ, ಭೂತ, ಗಾಳಿ ಸೋಕುವುದು, ಕನಸಿನಲ್ಲಿ ಬಂದು ಹೇಳುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇರಲಿಲ್ಲ ಎಂದರೆ ಈಗ ಇದೆ ಎಂದಲ್ಲ. ಈಗ ಇರುವುದಕ್ಕೆ ಏನು ಹೆಸರೋ ಗೊತ್ತಿಲ್ಲ, ಅಷ್ಟೇ. ಕೊರಟಗೆರೆಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಕಸುಬು. ಕಣ್ಣಿಗೆ ಕಾಣದ ಕರೆಂಟನ್ನು ನಂಬಿ ಅನ್ನ ತಿನ್ನುವವರು ಮಿಕ್ಕ ಕಾಣದ್ದನ್ನೂ ಒಂದಿಷ್ಟು ನಂಬಿದರೆ ಏನಂತೆ ಎಂದು ನನ್ನ ಹೆಂಡತಿ ಚುಡಾಯಿಸುತ್ತಾಳೆ. ಆದರೆ ಮೋಟಾರು ತಾನಾಗಿ ತಿರುಗಿತು ಎಂದು ಯಾರಾದರೂ ಗಾಬರಿಯಾಗಿ ಓಡಿ ಬಂದಾಗ ಹೋಗಿ ನೋಡಿದರೆ ಎಲ್ಲೋ ಎರಡು ವೈರು ತಾಗಿಕೊಂಡಿರುತ್ತವೆ. ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ ಎನ್ನುವುದು ನನ್ನ ಧೈರ್ಯವಾಗಿತ್ತು. ಈ ಒಂದು ಸಂಗತಿಯಲ್ಲಿ ಮಾತ್ರ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ.

ಇಂಥ ಕತೆಗಳೆಲ್ಲ ಸಾಮಾನ್ಯವಾಗಿ ರಾತ್ರಿ ನಡೆಯುತ್ತವೆ. ನನ್ನದು ನಡೆದದ್ದು ಪಾವಗಡದ ಕಡೆ, ಬೇಸಗೆಯ ಮಟಮಟ ಮಧ್ಯಾಹ್ನ, ನಾಲ್ಕು ಜನ ಕೂತಿದ್ದಾಗ. ಕತ್ತಲಿನ ಮೇಲೆ ತಪ್ಪು ಹೊರಿಸಿ ಪಾರಾಗುವ ಅನುಕೂಲವೂ ನನಗಿಲ್ಲ.

ಮೋಟಾರಿನವನಾಗುವ ಮೊದಲು ನಾನು ಗಿಟಾರಿನವನಾಗಿದ್ದೆ ಎಂದರೆ ನನ್ನ ಗಿರಾಕಿಗಳು ನಗುತ್ತಾರೆ. ಮೂವರದೊಂದು ಬ್ಯಾಂಡ್ ಇತ್ತು. ಹೆಸರು ಸೀಮೆಜಾಲಿ. ನಮ್ಮ ಕಡೆಯ ಕೆರೆಯಂಗಳ, ರಸ್ತೆಬದಿ, ಎಲ್ಲೆಂದರಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ, ಕಡಿದಷ್ಟೂ ಚಿಗುರುವ ಮುಳ್ಳುಗಿಡದ ಹೆಸರು ಅದು. ಡ್ರಮ್ ಬಾರಿಸುತ್ತಿದ್ದವನು ಶಿರಾದ ಇಮ್ತಿಯಾಜ್. ಅವನ ಅಬ್ಬನದು ಮೈಕ್ ಸೆಟ್ ಅಂಗಡಿ. ಮದುವೆ, ಉರುಸು, ರಾಜಕೀಯದವರ ಸಭೆ, ಎಲ್ಲಕ್ಕೂ ಅವರ ಮೈಕು ಬಾಡಿಗೆಗೆ ಹೋಗುತ್ತಿತ್ತು. ಒಂದು ಸಲ ಗುಜರಿಯವನು ತಂದುಕೊಟ್ಟ ಹಳೆಯ ಕ್ಯಾಸೆಟ್ಟುಗಳ ಚೀಲದಲ್ಲಿ ಹೆಸರಿನ ಚೀಟಿ ಹರಿದುಹೋಗಿದ್ದ ಇಂಗ್ಲಿಷ್ ಕ್ಯಾಸೆಟ್ಟೊಂದು ಸಿಕ್ಕಿತು. ಹಾಕಿದರೆ ಮನೆಗೆ ಬೆಂಕಿ ಬಿದ್ದವರ ಹಾಗೆ ಯಾರೋ ಕಿರುಚುತ್ತಿದ್ದರು. ಒಂದೊಂದು ಹಾಡೂ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅದಕ್ಕೆ ಪಂಕ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಕಲಿತು ಪಳಗುವ ತನಕ ಕಾಯದೆ, ಬಂದಷ್ಟರಲ್ಲೇ ಜೋರಾಗಿ, ಬೇಗ ಬೇಗ, ಹೇಳಬೇಕಾದ್ದನ್ನು ಹೇಳಿ ಎದ್ದು ಹೋಗುವ ಹಾಡು. "ಇಷ್ಟೇನಾ? ಇದನ್ನ ನಾವೂ ಮಾಡ್ಬೋದಲ್ಲ ಗುರೂ," ಎಂದ ಇಮ್ತಿಯಾಜ್. ಆ ಮಾತೇ ನಮ್ಮ ಬ್ಯಾಂಡಿನ ಬುನಾದಿ.

ಹಾಡುತ್ತಿದ್ದವಳು ನಾಗವೇಣಿ. ನಮಗೆ ವೇಣಿ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನವಳು, ಶಿರಾದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಇಮ್ತಿಯಾಜನ ಅಬ್ಬ ಆಟೋ ಮೇಲೆ ಹಾರ್ನ್ ಕಟ್ಟಿಸಿ ಪ್ರಚಾರಕ್ಕೆ ಬಿಡುತ್ತಿದ್ದರಲ್ಲ, ಅದರಲ್ಲಿ ಮೈಕು ಹಿಡಿದು ಕೂಗುವ ಕೆಲಸ ಅವಳದು. ಕಣ್ಣಿನ ತಪಾಸಣೆ, ಸೀರೆ ಮಾರಾಟ, ನಾಳೆ ನಲ್ಲಿ ನೀರು ಬರುವುದಿಲ್ಲ, ಎಮ್ಮೆ ಕಳೆದಿದೆ. ಬುಕ್ಕಾಪಟ್ಟಣದ ತನಕ ಅವಳ ದನಿ ಗೊತ್ತಿಲ್ಲದ ಮನೆ ಇರಲಿಲ್ಲ, ಮುಖ ಗೊತ್ತಿದ್ದವರು ಕಡಿಮೆ. ಒರಟು ದನಿ, ಆದರೆ ಆಟೋ ಬೀದಿ ತಿರುಗಿದ ಮೇಲೂ ಕೇಳುತ್ತಿರೋಣ ಎನ್ನಿಸುವ ದನಿ. ಕಳೆದುಹೋದ ಎಮ್ಮೆಯ ಬಗ್ಗೆ ಅವಳು ಕೂಗಿದರೆ ಎಮ್ಮೆ ಯಾರದೆಂದು ಗೊತ್ತಿಲ್ಲದವರಿಗೂ ಸಂಕಟವಾಗುತ್ತಿತ್ತು.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆ ನನ್ನ ಸೋದರಮಾವನ ಕಡ್ಲೆಕಾಯಿ ಮಿಲ್ಲಿನಲ್ಲಿ. ಬೇರೆ ಎಲ್ಲಿಯೂ ಆ ಗಲಾಟೆಯನ್ನು ಸಹಿಸುವವರಿರಲಿಲ್ಲ. ಮಿಲ್ಲಿನಲ್ಲಿ ಕಾಯಿ ಒಡೆಯುವ ಸದ್ದು ನಮಗಿಂತ ಜೋರು, ಹಾಗಾಗಿ ಮಾವನಿಗೆ ತೊಂದರೆ ಇರಲಿಲ್ಲ. ಬೇಸ್ ಗಿಟಾರಿನವನು ನಮ್ಮಲ್ಲಿರಲಿಲ್ಲ. ಮಿಲ್ಲಿನ ಮೋಟಾರೇ ನಮ್ಮ ಬೇಸು. ಬೇರಿಂಗ್ ಸವೆದ ಹಳೇ ಮೋಟಾರು ಅದು. ಗುಂಯ್ ಎನ್ನುತ್ತ ನಡುನಡುವೆ ಬಿಕ್ಕಳಿಸುತ್ತಿತ್ತು. ಆ ಬಿಕ್ಕಳಿಕೆಗೆ ಸರಿಯಾಗಿ ನಾವು ಹಾಡು ಹೊಂದಿಸಿಕೊಳ್ಳುತ್ತಿದ್ದೆವು.

ಅಲ್ಲಿ ಮಾವನದೊಂದು ಕಟ್ಟಪ್ಪಣೆ ಇತ್ತು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಕೊಳಗವನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಹಾಗೆಂದರೆ ರಾಶಿ ಹೆಚ್ಚುತ್ತದೆ ಎಂದು ನಂಬಿಕೆ. ಮಾವ ಒಂದು ಹೆಜ್ಜೆ ಮುಂದೆ ಹೋಗಿ, ಮಿಲ್ಲಿನೊಳಗೆ ಏನನ್ನೇ ಎಣಿಸಿದರೂ ಹಾಗೆಯೇ ಎಣಿಸಬೇಕು ಎನ್ನುತ್ತಿದ್ದರು. ಹಾಡು ಶುರುಮಾಡಲು ಡ್ರಮ್ಮಿನವನು ನಾಲ್ಕು ಎಣಿಸಬೇಕಲ್ಲ? ಇಮ್ತಿಯಾಜ್ ಮೊದಲ ದಿನ ಆ ಇಂಗ್ಲಿಷ್ ಕ್ಯಾಸೆಟ್ಟಿನವರ ಹಾಗೆ ಒನ್, ಟೂ ಎಂದು ಕೂಗಿದ. ಮಾವ ಕೈಲಿದ್ದ ಮೊರ ಹಾಗೇ ಹಿಡಿದುಕೊಂಡು ಬಂದರು. "ಲೇ, ಮಿಲ್ಲಲ್ಲಿ ಅದೇನ್ಲಾ ಅಪಶಕುನ! ಲಾಭ ಅನ್ನು," ಎಂದರು. ಅಂದಿನಿಂದ ನಮ್ಮ ಪ್ರತಿಯೊಂದು ಹಾಡೂ ಇಮ್ತಿಯಾಜನ ದನಿಯಲ್ಲಿ 'ಲಾಭ, ಎರಡು, ಮೂರು, ನಾಕು' ಎಂದೇ ಶುರುವಾಗುತ್ತಿತ್ತು. ಲಾಭವಂತೂ ಯಾವತ್ತೂ ಬರಲಿಲ್ಲ.

ಹೊಸ ಕ್ಯಾಸೆಟ್ಟು ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಮದುವೆಮನೆಯಲ್ಲಿ ಹಾಕಲು ವಾಲಗ ತುಂಬಿಸಿಟ್ಟ ಕ್ಯಾಸೆಟ್ಟುಗಳು ಇಮ್ತಿಯಾಜನ ಅಂಗಡಿಯಲ್ಲಿದ್ದವು. ಮುಂಬದಿಯಲ್ಲಿ ವಾಲಗ, ಹಿಂಬದಿ ಖಾಲಿ. ಆ ಹಿಂಬದಿಗೆ ನಾವು. ಚೆನ್ನಾಗಿ ಬಂದ ಹಾಡುಗಳನ್ನು ಎರಡು ಕ್ಯಾಸೆಟ್ಟು ಮಾಡಿ ಕಾಲೇಜಿನ ಹುಡುಗರಿಗೆ ಮಾರಿದೆವು. ಉಳಿದವು, ಅರ್ಧಕ್ಕೆ ನಿಂತವು, ತಪ್ಪಿದವು, ತಮಾಷೆಗೆ ಹಾಡಿದವು ವಾಲಗದ ಬೆನ್ನಿಗೆ ಅಂಟಿಕೊಂಡೇ ಉಳಿದವು. ಒಮ್ಮೆ ಮಧುಗಿರಿಯ ಮದುವೆಯೊಂದರಲ್ಲಿ ಯಾರೋ ಕ್ಯಾಸೆಟ್ಟು ತಿರುವಿ ಹಾಕಿದ್ದಕ್ಕೆ ಊಟದ ಪಂಕ್ತಿಯ ನಡುವೆ ವೇಣಿ ನೀರಿನ ಟ್ಯಾಂಕರಿನವನ ಮೇಲೆ ಕಿರುಚಾಡಿದಳಂತೆ. ಬೀಗರು ಪಾಯಸ ಬಿಟ್ಟು ಎದ್ದರು ಎಂದು ಇಮ್ತಿಯಾಜ್ ಈಗಲೂ ಹೇಳಿ ನಗುತ್ತಾನೆ.

ಬ್ಯಾಂಡು ಹೇಗೆ ನಿಂತಿತು ಎಂದರೆ ಹೇಳಲು ದೊಡ್ಡ ಕಾರಣವಿಲ್ಲ. ಮಾವ ತೀರಿಕೊಂಡರು, ಮಿಲ್ಲು ಮುಚ್ಚಿತು. ಆ ಮೋಟಾರನ್ನು ನಾನೇ ಎದುರು ನಿಂತು ಬಿಚ್ಚಿಸಿ ಗುಜರಿಗೆ ಹಾಕಿಸಿದೆ. ವೇಣಿ ಊರಿಗೆ ಹೋದಳು. ಇದೆಲ್ಲ ಆದದ್ದು ಪಾವಗಡದಲ್ಲಿ ಸೋಲಾರ್ ಎನ್ನುವ ಮಾತೇ ಹುಟ್ಟಿರದ ಕಾಲದಲ್ಲಿ. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆಮೇಲೆ ಆ ಕಡೆ ಸೋಲಾರ್ ಪಾರ್ಕ್ ಬಂತು. ವೇಣಿಯ ಮನೆಯವರೂ ಹೊಲವನ್ನು ಗುತ್ತಿಗೆಗೆ ಕೊಟ್ಟರು. ಕಡ್ಲೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲುಸಾಲಾಗಿ ಪ್ಯಾನೆಲ್ಲುಗಳು ನಿಂತವು. ಅವುಗಳ ಮೇಲಿನ ಧೂಳು ತೊಳೆಯುವ ತಂಡದಲ್ಲಿ ವೇಣಿಗೂ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಅವಳ ಗಂಟಲಲ್ಲಿ ಗಡ್ಡೆಯಾಗಿ ಆಪರೇಶನ್ ಆಯಿತು. ಗಡ್ಡೆಗೆ ನರ ಹೆಣೆದುಕೊಂಡಿತ್ತಂತೆ, ಯಾರದೂ ತಪ್ಪಲ್ಲ. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳದು ಬರೀ ಪಿಸುಮಾತು, ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು. ನಗು ಬಂದರೂ ಸದ್ದಿಲ್ಲ, ಮೂಗಿನಿಂದ ಗಾಳಿ ಬರುತ್ತದೆ ಅಷ್ಟೇ. ಅವಳನ್ನು ಮೊದಲ ಸಲ ಹಾಗೆ ನೋಡಿ ಬಂದ ದಿನ ನಾನು ಅಂಗಡಿ ತೆಗೆಯಲಿಲ್ಲ.

ಮೂರು ವರ್ಷದ ಹಿಂದೆ ಬೆಂಗಳೂರಿನ ಕೆಲವು ಹುಡುಗರು ಹುಡುಕಿಕೊಂಡು ಬಂದರು. ಸೀಮೆಜಾಲಿಯ ಹಾಡುಗಳನ್ನು ಯಾರೋ ನೆಟ್ಟಿಗೆ ಏರಿಸಿ, ಅವು ಸುತ್ತಾಡಿ, ಇವರ ಕಿವಿಗೆ ಬಿದ್ದಿದ್ದವಂತೆ. ಹೊರಗೆ ಬಾರದೆ ಉಳಿದ ಹಾಡುಗಳನ್ನೆಲ್ಲ ಸೇರಿಸಿ ಒಂದು ಸಂಗ್ರಹ ತರೋಣ ಎಂದರು. ಕ್ಯಾಸೆಟ್ಟಿನಲ್ಲೇ ತರುತ್ತಾರಂತೆ, ಈಗ ಅದೇ ಫ್ಯಾಷನ್ನಂತೆ! ಇಮ್ತಿಯಾಜ್ ಅದಕ್ಕೆ 'ಹಿಂಬದಿ' ಎಂದು ಹೆಸರಿಟ್ಟ. ವೇಣಿ ಒಪ್ಪಲು ಒಂದೇ ಷರತ್ತು ಹಾಕಿದಳು. ಅವಳ ದನಿಗೆ ಕಂಪ್ಯೂಟರು ಮುಟ್ಟಬಾರದು. ಸತ್ತವರ ದನಿಯಲ್ಲಿ ಹೊಸ ಹಾಡು ಹಾಡಿಸುವ ಆಟಗಳನ್ನು ಅವಳು ಫೋನಿನಲ್ಲಿ ನೋಡಿದ್ದಳು. "ನಂದು ಎಷ್ಟು ಉಳ್ಕೊಂಡೈತೋ ಅಷ್ಟೇ ಇರ್ಲಿ. ಜಾಸ್ತಿ ಮಾಡ್ಬೇಡ, ಚೆಂದ ಮಾಡ್ಬೇಡ," ಎಂದಳು. ನಾನು ಮಾತು ಕೊಟ್ಟೆ.

ಇಮ್ತಿಯಾಜ್ ಅಟ್ಟದಿಂದ ಇಳಿಸಿಕೊಟ್ಟ ಕ್ಯಾಸೆಟ್ಟುಗಳನ್ನು ಅಂಗಡಿಗೆ ತಂದು, ಬಿಡುವಾದಾಗ ಒಂದೊಂದೇ ಕೇಳಿ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಕೊನೆಯ ಕ್ಯಾಸೆಟ್ಟಿನ ಹಿಂಬದಿಯ ಕೊನೆಯಲ್ಲಿ ಒಂದು ಹಾಡು ಇತ್ತು. ನೆನಪಿಲ್ಲದ ಹಾಡು. ಆದರೆ ನಮ್ಮದೇ. ಗಿಟಾರು ನನ್ನದು, ಅನುಮಾನವೇ ಇಲ್ಲ. ಮೂರನೇ ತಂತಿಯ ಬಿರಡೆ ಜಾರಿ ಹಾಡು ಮುಗಿಯುವಷ್ಟರಲ್ಲಿ ತಂತಿ ಸಡಿಲಾಗುವ ಕಾಯಿಲೆ ನನ್ನ ಗಿಟಾರಿಗೆ ಮಾತ್ರ ಇತ್ತು. ಹಿಂದುಗಡೆ ಮಾವನ ಮೋಟಾರು, ಅದೇ ಬಿಕ್ಕಳಿಕೆ. ಮೋಟಾರಿನ ಸದ್ದಿನಲ್ಲಿ ನನಗೆ ಮೋಸ ಮಾಡಲು ಆಗುವುದಿಲ್ಲ, ಹೆತ್ತ ಮಗುವಿನ ಅಳು ಗುರುತಿಸುವ ಹಾಗೆ ಗುರುತಿಸುತ್ತೇನೆ. ಅದರ ಮೇಲೆ ವೇಣಿಯ ತುಂಬು ದನಿ. ಅಷ್ಟು ವರ್ಷದ ಮೇಲೆ ಹೊಸದಾಗಿ ಆ ದನಿ ಕೇಳಿ ನನಗೆ ಕಣ್ಣು ತುಂಬಿತು. ಎರಡು ಸಲ ಕೇಳಿದೆ. ಪದಗಳ ಕಡೆ ಗಮನ ಕೊಡಲಿಲ್ಲ, ಪಂಕ್ ಹಾಡಿನಲ್ಲಿ ಪದ ಬಿಡಿಸಿ ಕೇಳುವ ಅಭ್ಯಾಸ ನಮಗೇ ಇರಲಿಲ್ಲ. ಅದೇ ಸಂಭ್ರಮದಲ್ಲಿ ಇಬ್ಬರಿಗೂ ಫೋನಿಗೆ ಕಳಿಸಿದೆ. ಈ ಹಾಡು ನೆನಪಿದೆಯಾ ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ವೇಣಿಯ ಫೋನ್ ಬಂತು. ಆಪರೇಶನ್ ಆದ ಮೇಲೆ ಅವಳು ಫೋನ್ ಮಾಡುವುದನ್ನೇ ಬಿಟ್ಟಿದ್ದಳು, ಏನಿದ್ದರೂ ಮೆಸೇಜು. ಬೆಂಚಿನ ಮೇಲಿನ ಫ್ಯಾನು ನಿಲ್ಲಿಸಿ ಕಿವಿಗೊತ್ತಿ ಹಿಡಿದೆ.

"ಲೇ, ಯಾವ ಕಂಪ್ಯೂಟರಿಗೆ ಕೊಟ್ಟೆ ನನ್ ದನೀನ?"

ನಾನು ನಕ್ಕುಬಿಟ್ಟೆ.

"ನಗ್ಬೇಡ," ಎಂದಳು. ಉಸಿರು ಎಳೆದುಕೊಂಡಳು. "ಮೊದಲ್ನೇ ನಾಲ್ಕು ಸಾಲು ಕೇಳಿ ನಿಲ್ಲಿಸ್ಬುಟ್ಟೆ. ಆ ಹಾಡು ಹೋದ್ ವರ್ಷದಿಂದ ನಾನು ಕಟ್ತಾ ಇರೋದು. ಗಾಜು ತೊಳೀತಾ ತೊಳೀತಾ. ಎಲ್ಲೂ ಬರೆದಿಲ್ಲ. ಬಾಯಲ್ಲೂ ಅಂದಿಲ್ಲ. ತಲೇಲೇ ಐತೆ. ನಿಂಗೆ ಯಾರ್ಲಾ ಕೊಟ್ರು?"

ಅದು ಹಳೇ ಕ್ಯಾಸೆಟ್ಟಿನದು ಎಂದೆ. ಆಣೆ ಇಟ್ಟೆ. ಅವಳು ನಂಬಲಿಲ್ಲ. ನಾನು ಯಾವಾಗಲೋ ಮನೆಗೆ ಬಂದಾಗ ಅವಳು ಅರಿವಿಲ್ಲದೆ ಗುನುಗಿರಬೇಕು, ನಾನು ಕದ್ದಿರಬೇಕು, ಕಂಪ್ಯೂಟರಿಗೆ ಕೊಟ್ಟು ಅವಳ ದನಿ ಹುಟ್ಟಿಸಿರಬೇಕು. ಇದು ಅವಳ ಲೆಕ್ಕಾಚಾರ. ಯೋಚಿಸಿದರೆ ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. "ಹೋಗಿದ್ದು ಹೋಯ್ತು ಅಂತ ಸುಮ್ನಾಗಿದ್ದೆ ಕಣೋ. ನೀನು ಅದ್ರ ಹೆಣಾನೂ ಬಿಡ್ಲಿಲ್ವಲ್ಲ," ಎಂದು ಇಟ್ಟುಬಿಟ್ಟಳು. ಆ ಮಾತು ನನಗೆ ಎಲ್ಲಿ ನಾಟಿತೆಂದು ಹೇಳಲಾರೆ.

ಹಾಡನ್ನು ಮತ್ತೆ ಹಾಕಿದೆ. ಈ ಸಲ ಪದ ಬಿಡಿಸಿ ಕೇಳಿದೆ.

ನಮ್ಮ ಹೊಲ ಗಾಜಾಯ್ತು
ನನ್ನ ದನಿ ಗಾಳಿಯಾಯ್ತು
ಬಿಸಿಲಿಗೆ ಬಾಡಿಗೆ ಬರ್ತೈತೆ
ಬಾಯಿಗೆ ಯಾರು ಕೊಡ್ತಾರೆ

ಮಾವನ ಮೋಟಾರು ಗುಂಯ್ ಎನ್ನುತ್ತಿದ್ದ ಕಾಲದಲ್ಲಿ ಯಾವ ಹೊಲ ಗಾಜಾಗಿತ್ತು? ಯಾರ ದನಿ ಗಾಳಿಯಾಗಿತ್ತು?

ಆ ಭಾನುವಾರ ಕ್ಯಾಸೆಟ್ಟನ್ನೂ ಹಳೆಯ ಟೇಪ್ ರೆಕಾರ್ಡರನ್ನೂ ಹೊತ್ತುಕೊಂಡು ಹೊರಟೆ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಮ್ತಿಯಾಜ್ ತನ್ನ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಸದಾ ವಟವಟ ಎನ್ನುವವನು ಅವತ್ತು ಪಾವಗಡದ ತನಕ ಬಾಯಿ ಬಿಡಲಿಲ್ಲ. ಊರು ದಾಟಿದ ಮೇಲೆ, "ಗುರೂ, ಪೂರ್ತಿ ಕೇಳಿದೆ. ಡ್ರಮ್ ನಂದೇ, ಅಲ್ಲಾನ ಕಸಮ್. ಅಲ್ಲಲ್ಲಿ ಏಟು ತಪ್ಪೋದೂ ನಂದೇ. ಆದ್ರೆ ಮೊದ್ಲು ಎಣ್ಸಿರೋದು ನಾನಲ್ಲ," ಎಂದ. ನನಗೆ ಅದು ಹೊಳೆದೇ ಇರಲಿಲ್ಲ. ನಮ್ಮ ಯಾವ ಹಾಡನ್ನೂ ಇಮ್ತಿಯಾಜ್ ಬಿಟ್ಟು ಬೇರೆಯವರು ಎಣಿಸಿ ಶುರುಮಾಡಿದ್ದಿಲ್ಲ.

ವೇಣಿಯ ಮನೆಯ ಅಂಗಳದಿಂದಲೇ ಪ್ಯಾನೆಲ್ಲುಗಳು ಶುರುವಾಗಿ ಗುಡ್ಡದ ತನಕ ಹೋಗುತ್ತವೆ. ಅವಳ ತಾಯಿ ಓಬಳಮ್ಮ ಬಾಗಿಲಲ್ಲೇ ಇದ್ದರು. "ರಾ ನಾಯ್ನಾ, ರಾ. ಏಮಿ ಎಂಡ ಇದು, ಏನ್ ಬಿಸ್ಲು! ಮೊದ್ಲು ಮಜ್ಜಿಗೆ ಕುಡೀರಿ, ಆಮೇಲೆ ಜಗಳ ಆಡೀರಂತೆ," ಎಂದರು, ಆ ಗಡಿಯ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ. ವೇಣಿ ನನ್ನ ಮುಖ ನೋಡಲಿಲ್ಲ. ಟೇಪು ಹಚ್ಚೋಣ ಎಂದರೆ ಕರೆಂಟಿಲ್ಲ. ಕಣ್ಣು ಹಾಯುವಷ್ಟು ದೂರ ಕರೆಂಟು ತಯಾರಾಗುತ್ತಿದೆ, ಮನೆಯಲ್ಲಿ ಫ್ಯಾನು ತಿರುಗುತ್ತಿಲ್ಲ. ಬೇರೆ ದಿನವಾಗಿದ್ದರೆ ಇಮ್ತಿಯಾಜ್ ಇದಕ್ಕೊಂದು ಹಾಡು ಕಟ್ಟುತ್ತಿದ್ದ. ಅವತ್ತು ನಾಲ್ವರೂ ಗೋಡೆಗೊರಗಿ, ಮಜ್ಜಿಗೆ ಲೋಟ ಹಿಡಿದು ಕರೆಂಟಿಗೆ ಕಾದೆವು.

ಕರೆಂಟು ಬಂತು. ನಾನು ಕ್ಯಾಸೆಟ್ಟನ್ನು ಮೊದಲು ಅವಳ ಕೈಗೆ ಕೊಟ್ಟೆ. ತಿರುವಿ ತಿರುವಿ ನೋಡಿದಳು. ಮುಂಬದಿಯ ಚೀಟಿಯ ಮೇಲೆ ಇಮ್ತಿಯಾಜನ ಅಬ್ಬನ ಅಕ್ಷರದಲ್ಲಿ ವಾಲಗ ಎಂದಿತ್ತು. ಅವಳೇ ಹಾಕಿದಳು, ಅವಳೇ ಗುಂಡಿ ಒತ್ತಿದಳು.

ಮೊದಲು ಮೋಟಾರು. ಆಮೇಲೆ, "ಲಾಭ, ಎರಡು, ಮೂರು, ನಾಕು." ವೇಣಿಯ ದನಿ. ತುಂಬಿದ, ಒರಟಾದ, ಬೀದಿ ತಿರುಗಿದ ಮೇಲೂ ಕೇಳುತ್ತಿದ್ದ ಅದೇ ದನಿ. ಬಾಗಿಲ ಬಳಿ ಓಬಳಮ್ಮನ ಕೈಯಿಂದ ಲೋಟ ಜಾರಿ ಮಜ್ಜಿಗೆ ಚೆಲ್ಲಿತು. ವೇಣಿಯ ಬೆರಳು ಮೊಣಕಾಲ ಮೇಲೆ ತಾನಾಗಿ ತಾಳ ಹಾಕತೊಡಗಿತು. ಮೊದಲ ಪದ್ಯ ಮುಗಿಯಿತು. ಎರಡನೆಯದು ಗಾಜು ತೊಳೆಯುವಾಗ ಅದರಲ್ಲಿ ತನ್ನ ಮುಖ ಕಾಣುವ ಸಂಗತಿ. ಮೂರನೆಯದು ಅಂಗಡಿಯವನು ಜೋರಾಗಿ ಹೇಳಮ್ಮಾ, ಕೇಳಿಸಲ್ಲ ಎನ್ನುವುದು. ಅವಳ ತುಟಿ ಪ್ರತಿ ಸಾಲಿಗೂ, ಸಾಲು ಬರುವುದಕ್ಕಿಂತ ಒಂದು ಚೂರು ಮೊದಲೇ ಆಡುತ್ತಿತ್ತು.

ಆಗ ಇನ್ನೊಂದು ಕೇಳಿಸಿತು. ಮಿಲ್ಲಿನ ಕಾಲದ ವೇಣಿ ಇಡೀ ಪದ್ಯವನ್ನು ಒಂದೇ ದಮ್ಮಿಗೆ ಹಾಡುತ್ತಿದ್ದಳು, ಅದೇ ಅವಳ ಹೆಮ್ಮೆ. ಈ ಹಾಡಿನಲ್ಲಿ ಸಾಲು ಸಾಲಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು, ಈಗ ಮಾತಾಡುವಾಗ ಎಳೆದುಕೊಳ್ಳುತ್ತಾಳಲ್ಲ, ಹಾಗೆ. ನನಗೆ ಅದು ಗೊತ್ತಾದದ್ದು ಹೇಗೆಂದರೆ, ಟೇಪಿನೊಳಗಿನವಳೂ ಟೇಪಿನ ಪಕ್ಕ ಕೂತವಳೂ ಒಟ್ಟಿಗೇ ಉಸಿರೆಳೆದರು. ದನಿ ಅವತ್ತಿನದು, ಉಸಿರು ಇವತ್ತಿನದು. ಅದನ್ನು ಯೋಚಿಸಿದರೆ ನನಗೆ ಈಗಲೂ ತಲೆ ಕೆಟ್ಟುಹೋಗುತ್ತದೆ.

ಮೂರನೇ ಪದ್ಯವಾದ ಮೇಲೆ ಸ್ವಲ್ಪ ಹೊತ್ತು ಬರೀ ಡ್ರಮ್ಮು, ಮೋಟಾರು. ವೇಣಿ ಸಟ್ಟನೆ ಎದ್ದು ಪ್ಲಗ್ಗು ಕಿತ್ತಳು.

"ಮುಂದೆ ಇನ್ನೂ ಐತಾ?"

"ಐತೆ. ಇನ್ನೊಂದು ಪದ್ಯ," ಎಂದ ಇಮ್ತಿಯಾಜ್.

"ಅದನ್ನ ನಾನಿನ್ನೂ ಕಟ್ಟಿಲ್ಲ."

ಓಬಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರಿಗೆ ಹಾಡು ಯಾವಾಗಿನದು, ಯಾರು ಕಟ್ಟಿದ್ದು ಎನ್ನುವುದೆಲ್ಲ ಬೇಕಾಗಿರಲಿಲ್ಲ. ಮಗಳ ದನಿ ಬೇಕಾಗಿತ್ತು. "ಇನ್ನೊಂದ್ಸಾರಿ ಹಾಕು ನಾಯ್ನಾ," ಎಂದು ನನ್ನನ್ನು ಕೇಳಿದರು. ನಾನು ವೇಣಿಯ ಮುಖ ನೋಡಿದೆ. ಅವಳು ತಾಯಿಯ ಮುಖ ನೋಡಿದಳು, ಪ್ಲಗ್ಗು ಸಿಕ್ಕಿಸಿದಳು, ಹಿಂದಕ್ಕೆ ಸುತ್ತಿ ಮೊದಲಿಂದ ಹಾಕಿದಳು. ಮೂರನೇ ಪದ್ಯ ಮುಗಿದದ್ದೇ ಮತ್ತೆ ನಿಲ್ಲಿಸಿದಳು. ಹೀಗೆ ಎಷ್ಟು ಸಲವೋ! ಒಂದು ಸಲವೂ ಅವಳ ಕೈ ಆ ಗೆರೆ ದಾಟಲಿಲ್ಲ.

ಕೊನೆಗೆ ನನ್ನ ಕಡೆ ತಿರುಗಿದಳು. "ಕಂಪ್ಯೂಟರಲ್ಲ ಇದು," ಎಂದಳು. "ನನ್ ತಲೇಲಿ ಡ್ರಮ್ಮಿನೋನು ಇಲ್ವಲ್ಲ, ಅದ್ಕೇ ನಾನೇ ಎಣಿಸ್ಕೊಳ್ಳೋದು. ಲಾಭ ಅಂತ್ಲೇ. ಫೋನಲ್ಲಿ ಕೇಳ್ದಾಗ ಕೋಪದಲ್ಲಿ ಗಮನ್ಸಿರ್ಲಿಲ್ಲ. ಅದು ನಂಗೆ ಬಿಟ್ಟು ಇನ್ಯಾರ್ಗೂ ಗೊತ್ತಿಲ್ಲ. ನಿನ್ನ ಬೈದಿದ್ದು ಮನಸಿಗೆ ಹಚ್ಕೋಬೇಡ ಕಣೋ." ನನ್ನ ಮೇಲಿನ ಅಪವಾದ ತೊಲಗಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾನೇ ಕದ್ದಿದ್ದರೆ ಎಷ್ಟು ಸಲೀಸಿತ್ತು ಎಂದು ಕೂಡ ಅನ್ನಿಸಿತು.

ಕ್ಯಾಸೆಟ್ಟನ್ನು ಅವಳು ಇಟ್ಟುಕೊಂಡಳು. ನಮ್ಮ ಫೋನುಗಳಲ್ಲಿದ್ದದ್ದನ್ನು ಅವಳೆದುರೇ ಅಳಿಸಿದೆವು, ಅಂಗಡಿಗೆ ಬಂದ ಮೇಲೆ ಕಂಪ್ಯೂಟರಿನಿಂದಲೂ ಅಳಿಸಿದೆ. ಕೊನೆಯ ಪದ್ಯ ಏನೆಂದು ಹೇಳಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡಳು. ಹೊರಡುವಾಗ, ಸಂಗ್ರಹದ ಕೊನೆಯಲ್ಲಿ ಒಂದು ಹಾಡಿನಷ್ಟು ಜಾಗ ಖಾಲಿ ಬಿಡು ಎಂದಳು. ಯಾಕೆ ಎಂದು ಕೇಳಲಿಲ್ಲ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ತಾಗಿದ ವೈರು ಎಲ್ಲಿದೆ ಎಂದು ಹುಡುಕಿದೆ. ಮಿಲ್ಲಿನ ಕಾಲದಲ್ಲಿ ನಾವೇ ಇಂಥ ಹಾಡೊಂದನ್ನು ಕಟ್ಟಿ ಮರೆತಿರಬಹುದೇ? ಮೂವರೂ ಒಟ್ಟಿಗೆ ಮರೆತೆವು ಎಂದುಕೊಂಡರೂ ಗಾಜಾದ ಹೊಲ ಎಲ್ಲಿಂದ ಬಂತು? ಮನಸ್ಸಿನ ಮೂಲೆಯಲ್ಲಿದ್ದ ಹಳೆಯ ಹಾಡನ್ನೇ ವೇಣಿ ಹೊಸದೆಂದು ಕಟ್ಟುತ್ತಿದ್ದಳೇ? ಹಾಗಿದ್ದರೆ ಆ ಉಸಿರು? ಇಮ್ತಿಯಾಜ್ ಯಾರೋ ದೊಡ್ಡವರನ್ನು ಕೇಳಿ ಬಂದು, ಇಂಥದ್ದನ್ನು ಕೆದಕಬಾರದಂತೆ ಗುರೂ ಎಂದ. ಕೆದಕದೆ ಇರುವುದು ನನ್ನ ಕೈಲಾಗಲಿಲ್ಲ, ಕೆದಕಿದ್ದರಿಂದ ಏನೂ ಸಿಗಲಿಲ್ಲ.

'ಹಿಂಬದಿ' ಹೊರಬಂತು. ನಮ್ಮ ಮಟ್ಟಿಗೆ ಚೆನ್ನಾಗಿಯೇ ಹೋಯಿತು. ಕೊಂಡ ಹುಡುಗರಿಂದ ಮಾತ್ರ ಒಂದೇ ತಕರಾರು. ಅಣ್ಣಾ, ಕೊನೇಲಿ ಏನೂ ಇಲ್ಲ, ನಮ್ಮ ಕ್ಯಾಸೆಟ್ಟು ಹಾಳಾಗಿದೆಯಾ ಎಂದು ಈಗಲೂ ಮೆಸೇಜು ಬರುತ್ತದೆ. ಹಾಳಾಗಿಲ್ಲ, ಅದು ಹಾಗೇ ಇರೋದು ಎಂದು ಉತ್ತರ ಕೊಡುತ್ತೇನೆ. ಪಂಕ್ ಅಂದರೆ ಹಾಗೇ ಇರಬೇಕು ಎಂದು ಅವರು ಮೆಚ್ಚಿಕೊಳ್ಳುತ್ತಾರೆ.

ಆಮೇಲೆ ವೇಣಿಯನ್ನು ಕಂಡಾಗಲೆಲ್ಲ ಆ ಪದ್ಯ ನನ್ನ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಅವಳ ಹಾಡಿನ ಕೊನೆ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅದನ್ನು ಹೊತ್ತುಕೊಂಡು ಅವಳ ಮನೆಯ ಊಟ ಮಾಡುವುದೇ ಒಂದು ಹಿಂಸೆ. ಇನ್ನೂ ಒಂದು ಗೊತ್ತಿತ್ತು. ಟೇಪಿನಲ್ಲಿ ಹಾಡು ಮುಗಿದು ಡ್ರಮ್ಮು ನಿಂತ ಮೇಲೆ ಅವಳು ನಗುತ್ತಾಳೆ. ಬಾಯಿ ತುಂಬ, ಗಂಟಲು ಬಿಟ್ಟು, ಮಿಲ್ಲಿನ ತಗಡು ಅದುರುವಂತೆ.

ಕಳೆದ ತಿಂಗಳು ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದಾಗ ಅವಳ ಫೋನ್ ಬಂತು. ಅವತ್ತಿನ ಜಗಳದ ಫೋನು ಬಿಟ್ಟರೆ, ಆಪರೇಶನ್ ಆದ ಮೇಲೆ ಅವಳು ಫೋನ್ ಮಾಡಿದ್ದು ಅದೊಂದೇ ಸಲ. "ಬಂತು ಕಣೋ," ಎಂದಳು. ನಾನು ತಂತಿ ಕೆಳಗಿಟ್ಟೆ. ಅವಳು ಎಣಿಸಿದಳು. ಲಾಭ, ಎರಡು, ಮೂರು, ನಾಕು. ಆಮೇಲೆ ಪಿಸುದನಿಯಲ್ಲಿ, ಸಾಲಿಗೊಮ್ಮೆ ಉಸಿರೆಳೆದುಕೊಂಡು ಹೇಳಿದಳು.

ಗಾಜಿನ ಕೆಳಗೆ ನೆರಳೈತೆ
ನೆರಳಲ್ಲಿಷ್ಟು ಹುಲ್ಲೈತೆ
ಕುರಿ ಬಂದ್ರೆ ಮೇಯ್ಲಿ ಬುಡು
ನಾನಿಲ್ಲೇ ಕುಂತಿರ್ತೀನಿ

"ಅದೇನಾ?"

ನಾನು ಬಾಯಿ ತಪ್ಪಿ ಎಂದಾದರೂ ಗುನುಗಿದ್ದೆನೇ ಎಂದು ಆ ಕ್ಷಣದಲ್ಲೂ ಯೋಚಿಸಿದೆ. ಇಲ್ಲ. ಇಮ್ತಿಯಾಜ್ ವಾಚಾಳಿ, ಆದರೆ ಅವನೂ ಹೇಳಿಲ್ಲ ಎಂದು ಆಮೇಲೆ ತಾಯಿಯ ಮೇಲೆ ಆಣೆ ಮಾಡಿದ.

"ಅದೇ," ಎಂದೆ.

"ಹಂಗಾದ್ರೆ ಇನ್ನೊಂದ್ಸಾರಿ ಕ್ಯಾಸೆಟ್ಟು ಮಾಡ್ಸೋವಾಗ ಆ ಖಾಲಿ ಜಾಗಕ್ಕೆ ಇದನ್ನ ಹಾಕು. ಟೇಪಿಂದಲ್ಲ. ನಾನೇ ಬತ್ತೀನಿ, ಈ ದನೀಲೇ ಹೇಳ್ತೀನಿ."

ಆಗಲಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನ ಆ ಕಡೆಯಿಂದ ನಗು ಕೇಳಿಸಿತು. ಗಾಳಿಯಲ್ಲ. ಸದ್ದಿರುವ ನಗು, ಗಂಟಲು ಬಿಟ್ಟ ನಗು. ಫೋನ್ ಕಟ್ಟಾಯಿತು.

ಪಕ್ಕದಲ್ಲಿ ಓಬಳಮ್ಮ ಇದ್ದಿರಬಹುದು, ಅವರು ನಕ್ಕಿರಬಹುದು. ತಾಯಿ ಮಗಳ ನಗು ಒಂದೇ ತರ ಇರುವುದು ಎಲ್ಲ ಮನೆಯಲ್ಲೂ ಉಂಟು. ಒಂದು ಫೋನ್ ಮಾಡಿ ಕೇಳಿದರೆ ತಿಳಿದುಹೋಗುತ್ತದೆ. ಅವ್ವ ನಕ್ಕಿದ್ದು ಎಂದುಬಿಡುತ್ತಾಳೇನೋ ಎಂದು ಭಯ. ಅವ್ವ ಮನೆಯಲ್ಲೇ ಇರಲಿಲ್ಲ ಎಂದರೆ ಅದಕ್ಕಿಂತ ಭಯ. ಅದಕ್ಕೇ ಇನ್ನೂ ಕೇಳಿಲ್ಲ.